ಮರುತುಂಬುವ ಇ-ಸಿಗರೇಟು: ಅದರ ಸೌಲಭ್ಯಗಳನ್ನು ಅಳೆಯುವ ಬಗೆ

ಹೊಗೆಸೊಪ್ಪು ಗಡಿನಾಡಿನ ಮನೆಗಳಿಗೆ ಹೊಸದಲ್ಲ. ಕಾಸರಗೋಡಿನ ಕರಾವಳಿಯ ಕೆಲವು ಊರುಗಳಲ್ಲಿ ತಂಬಾಕಿನ ಬೆಳೆ ಇತ್ತು; ಸೊಲ್ಲಾಪುರದಲ್ಲಿ ಬೀಡಿ ಸುತ್ತುವುದು ಇಂದಿಗೂ ಸಾವಿರಾರು ಹೆಂಗಸರ ದುಡಿಮೆ. ಬೀಡಿಯ ಕಟ್ಟು, ನಶ್ಯದ ಡಬ್ಬಿ, ಎಲೆಯಡಿಕೆಯ ತಟ್ಟೆಯಲ್ಲಿನ ಹೊಗೆಸೊಪ್ಪಿನ ಚೂರು ಏನೆಂಬುದು ಓದು ಬಾರದ ಅಜ್ಜಿಗೂ ತಿಳಿದಿದೆ. ಆದರೆ ಪೆನ್ನಿನಂತೆಯೋ ಪೆನ್‌ಡ್ರೈವಿನಂತೆಯೋ ಕಾಣುವ, ಹಣ್ಣಿನ ಪರಿಮಳ ಬೀರುವ, ಮೊಬೈಲಿನಂತೆ ಚಾರ್ಜ್ ಆಗುವ ವಸ್ತುವೊಂದು ಮನೆಯ ಮೇಜಿನ ಮೇಲೆ ಕಂಡರೆ ಅದು ನಿಕೋಟಿನ್ ಸಾಧನವೆಂದು ಹೊಳೆಯುವುದು ಸುಲಭವಲ್ಲ. ಅದರ ಪೆಟ್ಟಿಗೆಯ ಬರಹ ಇಂಗ್ಲಿಷಿನಲ್ಲಿರುತ್ತದೆ. ಅದರ ಕುರಿತ ಸರಕಾರಿ ಎಚ್ಚರಿಕೆಗಳು ಹೆಚ್ಚಾಗಿ ಆಯಾ ರಾಜ್ಯದ ಭಾಷೆಯಲ್ಲಿರುತ್ತವೆ. ಕನ್ನಡ ಮಾತ್ರ ಓದಬಲ್ಲ ತಾಯಿಗೆ ಈ ಎರಡೂ ತಲುಪುವುದಿಲ್ಲ. ಆದ್ದರಿಂದ ಈ ಸಾಧನದ ರಚನೆ, ಅದರ ‘ಸೌಲಭ್ಯ’ಗಳ ನಿಜವಾದ ಅರ್ಥ, ವಯಸ್ಕ ಬಳಕೆದಾರನಿಗೆ ಅದರಿಂದಾಗುವ ಲಾಭನಷ್ಟ ಮತ್ತು ನಮ್ಮ ದೇಶದ ಕಾನೂನನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇವೆ. ಯಾವ ಉತ್ಪನ್ನದ ಹೆಸರನ್ನೂ ಬೇಕೆಂದೇ ಹೇಳಿಲ್ಲ.

ಸಾಧನದ ರಚನೆ

ಇಂದಿನ ಮಾದರಿಯ ಇ-ಸಿಗರೇಟನ್ನು ರೂಪಿಸಿದವರು ಚೀನಾದ ಔಷಧತಜ್ಞ ಹೋನ್ ಲಿಕ್. ಕಾಲ 2003ರ ಸುಮಾರು. ಅದರ ತತ್ತ್ವ ಸರಳ. ಬ್ಯಾಟರಿಯ ವಿದ್ಯುತ್ತು ಸಣ್ಣ ಲೋಹದ ಸುರುಳಿಯನ್ನು ಕಾಯಿಸುತ್ತದೆ. ಸುರುಳಿಗೆ ತಾಗಿಕೊಂಡಿರುವ ಹತ್ತಿಯ ಬತ್ತಿ ದ್ರವವನ್ನು ಹೀರಿಕೊಂಡಿರುತ್ತದೆ. ಕಾದ ದ್ರವ ಸೂಕ್ಷ್ಮ ಹನಿಗಳಾಗಿ ಏಳುತ್ತದೆ. ಅದನ್ನೇ ಬಳಕೆದಾರನು ಒಳಗೆಳೆದುಕೊಳ್ಳುತ್ತಾನೆ. ನಮ್ಮ ಮನೆಯ ಎಣ್ಣೆದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆಯೇ ಇಲ್ಲಿಯೂ ಬತ್ತಿ ದ್ರವವನ್ನು ಎಳೆಯುತ್ತದೆ; ವ್ಯತ್ಯಾಸವೆಂದರೆ ಇಲ್ಲಿ ಉರಿಯಿಲ್ಲ, ಬರಿಯ ಕಾವು.

ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ರಾಸಾಯನಿಕಗಳು ಮತ್ತು ಸಾಮಾನ್ಯವಾಗಿ ನಿಕೋಟಿನ್ ಇರುತ್ತವೆ. ದ್ರವ ಮುಗಿದೊಡನೆ ಎಸೆಯುವ ಸಾಧನ ಒಂದು ಬಗೆ. ಸೀಸೆಯಿಂದ ದ್ರವವನ್ನು ಮತ್ತೆ ಮತ್ತೆ ತುಂಬಿ, ಸುರುಳಿಯನ್ನು ಆಗಾಗ ಬದಲಿಸಿ, ವರ್ಷಗಟ್ಟಲೆ ಬಳಸುವ ಸಾಧನ ಇನ್ನೊಂದು ಬಗೆ. ಹೆಚ್ಚು ಸೌಲಭ್ಯಗಳಿರುವುದು ಈ ಎರಡನೆಯದರಲ್ಲಿ. ನಮ್ಮ ವಿಚಾರ ಅದರ ಕುರಿತದ್ದು.

ಪೆಟ್ಟಿಗೆಯ ಮೇಲಿನ ಅಂಕಿಗಳು

ನಿಕೋಟಿನ್ ಪ್ರಮಾಣ: ಇದು ದ್ರವದ ಸೀಸೆಯ ಮೇಲಿರುತ್ತದೆ; ಎಲ್ಲಕ್ಕಿಂತ ಮುಖ್ಯವಾದ ಅಂಕಿಯೂ ಇದೇ. ಕೆಲವೆಡೆ ಶೇಕಡಾವಾರು, ಕೆಲವೆಡೆ ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆದಿರುತ್ತಾರೆ. ಶೇ. 2 ಎಂದರೆ ಮಿಲಿಲೀಟರಿಗೆ ಸುಮಾರು 20 ಮಿಲಿಗ್ರಾಂ, ಶೇ. 5 ಎಂದರೆ ಸುಮಾರು 50 ಮಿಲಿಗ್ರಾಂ. ‘ಐದು ಪರ್ಸೆಂಟ್’ ಎಂಬ ಮಾತು ಕಿವಿಗೆ ಅಲ್ಪವಾಗಿ ಕೇಳಿಸುತ್ತದೆ, ಲೆಕ್ಕ ಹಾಗಿಲ್ಲ. ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವ ನಿಕೋಟಿನ್ ಸುಮಾರು 1ರಿಂದ 2 ಮಿಲಿಗ್ರಾಂ. ಶೇ. 5ರ ದ್ರವದ 30 ಮಿಲಿಲೀಟರಿನ ಸೀಸೆಯಲ್ಲಿ 1,500 ಮಿಲಿಗ್ರಾಂ ಇರುತ್ತದೆ. ಅದೆಲ್ಲವೂ ಬಳಕೆದಾರನ ರಕ್ತಕ್ಕೆ ಸೇರದಿದ್ದರೂ ಮನೆಯ ಕಪಾಟಿನಲ್ಲಿ ಇರುವುದು ಅಷ್ಟು. ಬ್ರಿಟನ್ನಿನ ನಿಯಮದ ಪ್ರಕಾರ ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಬಾರದು, ಸೀಸೆ 10 ಮಿಲಿಲೀಟರನ್ನು ಮೀರಬಾರದು, ಸಾಧನದ ತೊಟ್ಟಿ 2 ಮಿಲಿಲೀಟರನ್ನು ಮೀರಬಾರದು.

‘ನಿಕೋಟಿನ್ ಸಾಲ್ಟ್’ ಎಂಬ ಮಾತನ್ನೂ ಗಮನಿಸಬೇಕು. ಬೆಂಜೋಯಿಕ್ ಆಮ್ಲದಂಥ ಆಮ್ಲವನ್ನು ಸೇರಿಸಿದಾಗ ನಿಕೋಟಿನ್ ಗಂಟಲಿಗೆ ಕಟುವಾಗಿ ತಾಗುವುದಿಲ್ಲ. ಮೊದಲ ಬೀಡಿ ಸೇದಿದ ಹುಡುಗನಿಗೆ ಬರುವ ಕೆಮ್ಮು ದೇಹದ ಎಚ್ಚರಿಕೆ. ಸಾಲ್ಟ್ ಆ ಎಚ್ಚರಿಕೆಯನ್ನು ಅಡಗಿಸುತ್ತದೆ.

ಓಮ್ ಮತ್ತು ವ್ಯಾಟ್: ಹತ್ತನೆಯ ತರಗತಿಯ ವಿದ್ಯುತ್ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಿಭವಾಂತರದ ವರ್ಗವನ್ನು ರೋಧದಿಂದ ಭಾಗಿಸಿದರೆ ಸಾಮರ್ಥ್ಯ ಸಿಗುತ್ತದೆ. 3.7 ವೋಲ್ಟಿನ ಬ್ಯಾಟರಿಗೆ 0.8 ಓಮ್ ಸುರುಳಿ ಹಾಕಿದರೆ ಸುಮಾರು 17 ವ್ಯಾಟ್, 0.4 ಓಮ್ ಹಾಕಿದರೆ ಸುಮಾರು 34 ವ್ಯಾಟ್. ರೋಧ ಅರ್ಧವಾದರೆ ಕಾವು ಇಮ್ಮಡಿ. ಕಾವು ಹೆಚ್ಚಿದಷ್ಟೂ ಒಂದು ಎಳೆತಕ್ಕೆ ಹೆಚ್ಚು ದ್ರವ ಆವಿಯಾಗುತ್ತದೆ, ಅದರೊಡನೆ ಹೆಚ್ಚು ನಿಕೋಟಿನ್. ಆದ್ದರಿಂದ ಕಡಿಮೆ ವ್ಯಾಟಿನ ಸಾಧನಕ್ಕೆಂದು ಮಾಡಿದ ಶೇ. 5ರ ದ್ರವವನ್ನು ಹೆಚ್ಚು ವ್ಯಾಟಿನ ಸಾಧನಕ್ಕೆ ತುಂಬುವುದು ಅಪಾಯಕರ. ಬತ್ತಿ ಒಣಗಿದ್ದು ಸುರುಳಿ ಅತಿಯಾಗಿ ಕಾದರೆ ಫಾರ್ಮಾಲ್ಡಿಹೈಡಿನಂಥ ವಿಷಕಾರಿ ಅನಿಲಗಳು ಹುಟ್ಟುತ್ತವೆ. ನಿಕೆಲ್, ಕ್ರೋಮಿಯಂ, ಸೀಸದಂಥ ಲೋಹಗಳ ಅಂಶವೂ ಇಂಥ ಆವಿಯಲ್ಲಿ ಪತ್ತೆಯಾಗಿದೆ. ಕಾವನ್ನು ತಾನೇ ಮಿತಿಗೊಳಿಸುವ ವ್ಯವಸ್ಥೆ ಸಾಧನದಲ್ಲಿದ್ದರೆ ಅದು ನಿಜವಾದ ಸುರಕ್ಷಾ ಸೌಲಭ್ಯ. ವ್ಯಾಟನ್ನು ಏರಿಸುವ ಗುಂಡಿ ಮಾತ್ರ ಇದ್ದರೆ ಅದು ಸುರಕ್ಷೆಯಲ್ಲ.

ಬ್ಯಾಟರಿ: 1,000 ಎಂಎಎಚ್ ಎಂದರೆ ಇಂದಿನ ಸಾಮಾನ್ಯ ಮೊಬೈಲಿನ ಬ್ಯಾಟರಿಯ ಐದನೆಯ ಒಂದು ಭಾಗ. ದಿನವಿಡೀ ಎಳೆಯಲು ಅಷ್ಟು ಸಾಕು. ಮಾರಾಟಗಾರರು ಇದನ್ನು ಗುಣವೆಂದು ಹೇಳುತ್ತಾರೆ; ನಾವು ಇದನ್ನು ಬೇರೆ ಬಗೆಯಲ್ಲಿ ನೋಡುತ್ತೇವೆ. ಬೀಡಿಗೆ ಒಂದು ಕೊನೆಯಿದೆ. ಸುಟ್ಟು ಮುಗಿದ ಮೇಲೆ ಇನ್ನೊಂದನ್ನು ಹಚ್ಚಬೇಕೇ ಎಂದು ಕ್ಷಣವಾದರೂ ಯೋಚಿಸಬೇಕಾಗುತ್ತದೆ, ಕಟ್ಟು ಬರಿದಾದರೆ ಅಂಗಡಿಗೆ ನಡೆಯಬೇಕಾಗುತ್ತದೆ. ಮರುತುಂಬುವ ಸಾಧನಕ್ಕೆ ಅಂಥ ಕೊನೆಯೇ ಇಲ್ಲ. ದೊಡ್ಡ ಬ್ಯಾಟರಿ, ಬೇಗ ಚಾರ್ಜ್ ಆಗುವ ಗುಣ, ದೊಡ್ಡ ತೊಟ್ಟಿ ಇವೆಲ್ಲವೂ ಆ ಕೊನೆಯನ್ನು ಇನ್ನಷ್ಟು ದೂರ ತಳ್ಳುತ್ತವೆ. ಅಲ್ಲದೆ ಇದು ಲಿಥಿಯಂ-ಅಯಾನ್ ಬ್ಯಾಟರಿ. ಬಿಡಿ ಬ್ಯಾಟರಿಯನ್ನು ನಾಣ್ಯ, ಬೀಗದ ಕೈಗಳೊಡನೆ ಜೇಬಿನಲ್ಲಿಟ್ಟರೆ ಕಿರುಮಂಡಲ ಉಂಟಾಗಿ ಬೆಂಕಿ ಹತ್ತಬಹುದು.

ಪರದೆ, ಎಣಿಕೆ, ಬೀಗ: ಎಷ್ಟು ಸಲ ಎಳೆದರೆಂದು ಎಣಿಸುವ ವ್ಯವಸ್ಥೆ ಬಿಡಬೇಕೆಂದಿರುವವನಿಗೆ ಉಪಯುಕ್ತ, ವಾರದಿಂದ ವಾರಕ್ಕೆ ಇಳಿಕೆಯಾಗಿದೆಯೇ ಎಂದು ನೋಡಬಹುದು. ಗುಂಡಿಗೆ ಬೀಗ ಹಾಕುವ ಸೌಲಭ್ಯ ಮಕ್ಕಳಿರುವ ಮನೆಯಲ್ಲಿ ಬೇಕಾದದ್ದು. ಬಣ್ಣದ ದೀಪ, ಚಿತ್ರಗಳು ಚಲಿಸುವ ಪರದೆ, ಆಟಗಳು ಇವು ವಯಸ್ಕನ ಚಟ ಬಿಡಿಸಲು ಯಾವ ರೀತಿಯಲ್ಲಿಯೂ ನೆರವಾಗುವುದಿಲ್ಲ. ಅವು ಯಾರ ಕಣ್ಣನ್ನು ಸೆಳೆಯುತ್ತವೆಂಬುದನ್ನು ಹೆತ್ತವರಿಗೆ ಹೇಳಬೇಕಾಗಿಲ್ಲ.

ಪರಿಮಳ: ಮಾವು, ಕಲ್ಲಂಗಡಿ, ಪುದೀನದ ಪರಿಮಳವಿರುವುದರಿಂದ ದ್ರವ ಹಣ್ಣಿನಷ್ಟು ನಿರಪಾಯವೆನ್ನಲಾಗದು. ತಿನ್ನಲು ಸುರಕ್ಷಿತವಾದ ರಾಸಾಯನಿಕ ಉಸಿರಾಡಲು ಸುರಕ್ಷಿತವಾಗಿರಬೇಕೆಂದಿಲ್ಲ. ಬೆಣ್ಣೆಯ ಪರಿಮಳ ಕೊಡುವ ಡಯಾಸಿಟೈಲ್ ಇದಕ್ಕೆ ತಿಳಿದ ಉದಾಹರಣೆ: ಅದನ್ನು ಉಸಿರಾಡಿದ ಅಮೆರಿಕದ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರು ಗುಣವಾಗದ ಶ್ವಾಸಕೋಶದ ರೋಗಕ್ಕೆ ತುತ್ತಾದರು.

ವಯಸ್ಕ ಬಳಕೆದಾರನಿಗೆ ಪ್ರಯೋಜನವುಂಟೇ?

ಈ ಪ್ರಶ್ನೆಗೆ ಪಕ್ಷಪಾತವಿಲ್ಲದೆ ಉತ್ತರಿಸಬೇಕು. ಸಿಗರೇಟಿನ ಹೆಚ್ಚಿನ ಹಾನಿ ಬರುವುದು ಎಲೆ ಉರಿದಾಗ ಹುಟ್ಟುವ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡಿನಿಂದ. ಇ-ಸಿಗರೇಟಿನಲ್ಲಿ ಎಲೆ ಉರಿಯುವುದಿಲ್ಲ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ ಇದನ್ನು ಧೂಮಪಾನಕ್ಕಿಂತ ಸುಮಾರು ಶೇ. 95ರಷ್ಟು ಕಡಿಮೆ ಹಾನಿಕರವೆಂದು ಅಂದಾಜಿಸಿತು. ಆ ಅಂದಾಜನ್ನು ಪ್ರಶ್ನಿಸಿದ ತಜ್ಞರೂ ಇದ್ದಾರೆ. ನಿಕೋಟಿನ್ ಗಮ್ ಅಥವಾ ಪಟ್ಟಿಗಳಿಗಿಂತ ನಿಕೋಟಿನ್ ಇರುವ ಇ-ಸಿಗರೇಟಿನಿಂದ ಹೆಚ್ಚು ಮಂದಿ ಸಿಗರೇಟು ಬಿಟ್ಟಿದ್ದಾರೆಂದು ಕಾಕ್ರೇನ್ ಸಂಸ್ಥೆಯ ಪರಿಶೀಲನೆಗಳು ಹೇಳುತ್ತವೆ. ಇನ್ನೊಂದೆಡೆ, ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಮಕ್ಕಳನ್ನು ಇದರಿಂದ ಕಾಪಾಡಲು ತುರ್ತು ಕ್ರಮ ಬೇಕೆಂದು ಎಲ್ಲ ದೇಶಗಳಿಗೆ ಕರೆ ಕೊಟ್ಟಿತು.

ಈ ಮಾತುಗಳನ್ನು ನಮ್ಮ ಊರಿಗೆ ಹಾಗೆಯೇ ಅನ್ವಯಿಸಲು ಎರಡು ಅಡ್ಡಿಗಳಿವೆ. ಮೊದಲನೆಯದು, ಆ ಹೋಲಿಕೆ ಸಿಗರೇಟಿನೊಡನೆ. ಶುದ್ಧ ಗಾಳಿಯೊಡನೆ ಅಲ್ಲ. ಭಾರತದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ 2016-17ರಲ್ಲಿ ನೂರಕ್ಕೆ ಸುಮಾರು 29 ಮಂದಿ ತಂಬಾಕು ಬಳಸುತ್ತಿದ್ದರು. ಅಗಿಯುವುದು ಮುಂತಾಗಿ ಹೊಗೆಯಿಲ್ಲದ ತಂಬಾಕನ್ನು ಬಳಸುವವರು ನೂರಕ್ಕೆ 21. ಸಿಗರೇಟು ಸೇದುವವರು ಕೇವಲ 4. ಗುಟ್ಕಾ ಅಗಿಯುವವನಿಗೆ ಸಿಗರೇಟಿನ ಬದಲಿ ಸಾಧನ ಕೊಟ್ಟರೆ ಒಂದು ಚಟದ ಜಾಗದಲ್ಲಿ ಎರಡು ಚಟಗಳಾದಾವು. ಎರಡನೆಯದು, ಬ್ರಿಟನ್ನಿನಲ್ಲಿ ದ್ರವದ ಪ್ರಮಾಣಕ್ಕೆ ಮಿತಿಯಿದೆ, ತಯಾರಕನಿಗೆ ಹೊಣೆಯಿದೆ. ಮಾರಾಟವೇ ನಿಷಿದ್ಧವಾದ ನಮ್ಮಲ್ಲಿ ಕಳ್ಳದಾರಿಯಿಂದ ಬಂದ ಸೀಸೆಯೊಳಗೆ ಏನಿದೆಯೆಂದು ಹೇಳುವವರೇ ಇಲ್ಲ. ಅಮೆರಿಕದಲ್ಲಿ 2019ರಲ್ಲಿ ಕಾಣಿಸಿಕೊಂಡ ಶ್ವಾಸಕೋಶದ ಕಾಯಿಲೆಯಿಂದ 2020ರ ಫೆಬ್ರವರಿಯೊಳಗೆ 2,807 ಪ್ರಕರಣಗಳು ದಾಖಲಾದವು, 68 ಮಂದಿ ಸತ್ತರು. ಬಹುಪಾಲು ಪ್ರಕರಣಗಳ ಹಿಂದಿದ್ದುದು ಅನಧಿಕೃತ ಮೂಲದ ಗಾಂಜಾ ಅಂಶದ ದ್ರವ ಮತ್ತು ಅದಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್. ಮೂಲ ತಿಳಿಯದ ದ್ರವದ ಬೆಲೆ ಏನೆಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಆದ್ದರಿಂದ ನಮ್ಮ ಅಳತೆಗೋಲು ಒಂದೇ: ಸಾಧನದಲ್ಲಿ ಎಷ್ಟು ಸೌಲಭ್ಯಗಳಿವೆ ಎಂಬುದಲ್ಲ, ಬಳಸುವವನ ನಿಕೋಟಿನ್ ತಿಂಗಳಿನಿಂದ ತಿಂಗಳಿಗೆ ಇಳಿಯುತ್ತಿದೆಯೇ ಎಂಬುದು. ಇಳಿಯದಿದ್ದರೆ ಅದು ಚಟ ಬಿಡಿಸುವ ಉಪಾಯವಲ್ಲ, ಚಟದ ಹೊಸ ಪಾತ್ರೆ.

ಕಾನೂನು ಏನು ಹೇಳುತ್ತದೆ?

ಹಿಂದೆ ಈ ವಿಷಯದಲ್ಲಿ ರಾಜ್ಯಕ್ಕೊಂದು ನಿಯಮವಿತ್ತು. ಕರ್ನಾಟಕವು 2016ರಲ್ಲಿಯೇ ಮಾರಾಟವನ್ನು ನಿಷೇಧಿಸಿತ್ತು. ಕೇಂದ್ರ ಸರಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ಇ-ಸಿಗರೇಟಿನ ತಯಾರಿಕೆ, ಆಮದು, ರಫ್ತು, ಸಾಗಾಟ, ಮಾರಾಟ, ವಿತರಣೆ, ಸಂಗ್ರಹ, ಜಾಹೀರಾತು ಎಲ್ಲವೂ ಇಡೀ ದೇಶದಲ್ಲಿ ನಿಷಿದ್ಧ. ತಲಪಾಡಿಯನ್ನು ದಾಟಿದರೂ ಹೊಸೂರನ್ನು ದಾಟಿದರೂ ನಿಯಮ ಬದಲಾಗುವುದಿಲ್ಲ. ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಮರಳಿ ಮಾಡಿದರೆ 3 ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷದವರೆಗೆ ದಂಡ. ಸಂಗ್ರಹಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 50,000 ರೂಪಾಯಿಯವರೆಗೆ ದಂಡ ಅಥವಾ ಎರಡೂ. ಸೇದುವ ಕ್ರಿಯೆಗೆ ಕಾಯಿದೆ ಪ್ರತ್ಯೇಕ ಶಿಕ್ಷೆ ಹೇಳಿಲ್ಲವಾದರೂ, ಸೇದುವವನ ಕೈಗೆ ಸಾಧನ ಬರುವ ದಾರಿಗಳೆಲ್ಲ ಮುಚ್ಚಿವೆ.

ಕಾಸರಗೋಡಿನ ಓದುಗರು ಇನ್ನೊಂದು ಮಾತನ್ನು ನೆನಪಿಡಬೇಕು. ಯುಎಇಯಲ್ಲಿ 2019ರ ಏಪ್ರಿಲಿನಿಂದ ಇದರ ಮಾರಾಟಕ್ಕೆ ಅನುಮತಿಯಿದೆ. ಅಲ್ಲಿ ಅಂಗಡಿಯಲ್ಲಿ ಬಿಲ್ಲು ಕೊಟ್ಟು ಮಾರುವ ವಸ್ತು, ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಇಲ್ಲಿಗೆ ಇಳಿದಾಗ ನಿಷಿದ್ಧ ಆಮದು. ಗಲ್ಫಿನಲ್ಲಿ ದುಡಿಯುವ ಅಣ್ಣಂದಿರಿಗೂ ಮಾವಂದಿರಿಗೂ ಮನೆಯವರು ಇದನ್ನು ಮೊದಲೇ ತಿಳಿಸುವುದು ಒಳ್ಳೆಯದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ

ಮರುತುಂಬುವ ಸಾಧನದಲ್ಲಿ ಎಸೆಯುವ ಸಾಧನಕ್ಕಿಲ್ಲದ ಒಂದು ದೊಡ್ಡ ಅಪಾಯವಿದೆ: ಸೀಸೆ. 2014ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ನಿಕೋಟಿನ್ ದ್ರವ ಕುಡಿದು ತೀರಿಕೊಂಡಿತು. 2016ರಲ್ಲಿ ಆ ದೇಶವು ಮಕ್ಕಳು ತೆರೆಯಲಾಗದ ಮುಚ್ಚಳವನ್ನು ಕಡ್ಡಾಯ ಮಾಡುವ ಕಾಯಿದೆ ತಂದಿತು. ಮಗು ದ್ರವ ಕುಡಿದಿದ್ದರೆ ವಾಂತಿ ಮಾಡಿಸಲು ಹೋಗದೆ, 108ಕ್ಕೆ ಕರೆ ಮಾಡಿ, ಸೀಸೆಯನ್ನೂ ಜೊತೆಗೆ ಕೊಂಡು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಚರ್ಮಕ್ಕೆ ತಾಗಿದ್ದರೆ ಬಟ್ಟೆ ಕಳಚಿ ಧಾರಾಳವಾಗಿ ನೀರಿನಿಂದ ತೊಳೆಯಬೇಕು.

ಶಾಲೆಯಲ್ಲಿ ಸಿಕ್ಕರೆ

ಮನುಷ್ಯನ ಮೆದುಳು ಸುಮಾರು 25ನೆಯ ವಯಸ್ಸಿನವರೆಗೆ ಬೆಳೆಯುತ್ತಿರುತ್ತದೆ. ಆ ಹಂತದಲ್ಲಿ ನಿಕೋಟಿನ್ ಗಮನಶಕ್ತಿ, ಕಲಿಕೆ ಮತ್ತು ಮನಸ್ಸಿನ ಹತೋಟಿಗೆ ಕೆಡುಕು ಮಾಡುತ್ತದೆ. ಹಾಗಿರುವಾಗ ವಿದ್ಯಾರ್ಥಿಯ ಚೀಲದಲ್ಲಿ ಸಾಧನ ಸಿಕ್ಕಿದರೆ ನಿರ್ಲಕ್ಷಿಸಬಾರದು. ಆದರೆ ಕೂಡಲೇ ವರ್ಗಾವಣೆ ಪತ್ರ ಬರೆದು ಕೈತೊಳೆದುಕೊಳ್ಳುವುದನ್ನೂ ನಾವು ಒಪ್ಪುವುದಿಲ್ಲ. ಗಡಿನಾಡಿನಲ್ಲಿ ಕನ್ನಡ ಮಾಧ್ಯಮದ ಶಾಲೆಯಿಂದ ಹೊರಬಿದ್ದ ಮಗುವಿಗೆ ಹತ್ತಿರದಲ್ಲಿ ಇನ್ನೊಂದು ಕನ್ನಡ ಶಾಲೆ ಸಿಗುವುದು ಅಪರೂಪ. ಆ ಮಗು ಚಟವನ್ನು ತನ್ನೊಡನೆ ಒಯ್ಯುತ್ತದೆ, ಭಾಷೆಯನ್ನು ಇಲ್ಲಿಯೇ ಬಿಟ್ಟುಹೋಗುತ್ತದೆ. ಹೆತ್ತವರನ್ನು ಕರೆಸಿ, ಸಾಧನ ಎಲ್ಲಿಂದ ಬಂತೆಂದು ಮಗುವನ್ನು ಹೆದರಿಸದೆ ಕೇಳಿ ತಿಳಿದು, ಮಾರಿದವನ ಮೇಲೆ ಪೊಲೀಸರಿಗೆ ದೂರು ಕೊಡುವುದು ಸರಿಯಾದ ಕ್ರಮ. ಮಗುವಿಗೆ ಬೇಕಾದದ್ದು ಆಪ್ತ ಸಲಹೆ.

ಬಿಡಬೇಕೆಂದಿರುವ ಹಿರಿಯರಿಗೆ

ಬೀಡಿ, ಗುಟ್ಕಾ, ಸಿಗರೇಟು, ವೇಪ್ ಯಾವುದೇ ಇರಲಿ, ಬಿಡಲು ಕಾನೂನುಬದ್ಧ ನೆರವು ನಮ್ಮ ದೇಶದಲ್ಲಿಯೇ ಇದೆ. 2 ಮತ್ತು 4 ಮಿಲಿಗ್ರಾಂ ನಿಕೋಟಿನ್ ಗಮ್ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಎಷ್ಟು, ಎಷ್ಟು ಕಾಲ ಎಂಬುದನ್ನು ವೈದ್ಯರನ್ನು ಕೇಳಿ ನಿರ್ಧರಿಸಬೇಕು. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿಯ ಸಂಖ್ಯೆ 1800-11-2356, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಕೇಂದ್ರಗಳಲ್ಲಿ ಒಂದಾಗಿರುವುದರಿಂದ ಕನ್ನಡದಲ್ಲಿಯೂ ಮಾತನಾಡಬಹುದು. ಯಾವ ರಾಜ್ಯದಲ್ಲಿದ್ದರೂ ಕರೆ ಮಾಡಿದಾಗ ಕನ್ನಡದಲ್ಲಿ ಸಲಹೆ ಬೇಕೆಂದು ಸಂಕೋಚವಿಲ್ಲದೆ ಕೇಳಿರಿ. ಆ ಸಂಖ್ಯೆಯನ್ನು ಶಾಲೆಯ ಸೂಚನಾ ಫಲಕದಲ್ಲಿ ಕನ್ನಡದ ಅಕ್ಷರಗಳಲ್ಲಿ ಬರೆಸಬೇಕೆಂದು ಶಿಕ್ಷಕ-ರಕ್ಷಕ ಸಂಘಗಳನ್ನು ವಿನಂತಿಸುತ್ತೇವೆ.