ಜಾಹೀರಾಗದ ಜಾಹೀರಾತು

ರಾಯಚೂರು ಜಿಲ್ಲೆಯ ಮಟಮಾರಿ ಕಡೆಯ ಮಾತಿನಲ್ಲಿ ‘ಜಾಹೀರಾಯ್ತು’ ಎಂದರೆ ನಾಲ್ಕು ಮಂದಿಗೆ ಗೊತ್ತಾಯಿತು, ಬಯಲಾಯಿತು ಎಂದರ್ಥ. ಪಂಚರ ತೀರ್ಮಾನ ಜಾಹೀರಾಗುತ್ತದೆ, ಮುಚ್ಚಿಟ್ಟ ಗುಟ್ಟೂ ಜಾಹೀರಾಗುತ್ತದೆ. ಬೇರು ಅರಬ್ಬಿಯದು. ನಿಜಾಮರ ಕಾಲದಲ್ಲಿ ರಾಯಚೂರಿನ ಕಚೇರಿಗಳನ್ನು ಆಳಿದ ಉರ್ದು, ದುಡ್ಡು ಕೊಟ್ಟು ಹಾಕಿಸುವ ಪ್ರಕಟಣೆಗೆ ‘ಇಶ್ತಿಹಾರ್’ ಎನ್ನುತ್ತದೆ. ಕನ್ನಡ ಮಾತ್ರ ಮರಾಠಿಯಂತೆ ‘ಜಾಹೀರಾತು’ ಎಂದಿತು.

ಜಾಹೀರಾತು ಪತ್ರಿಕೆಗೆ ತಡವಾಗಿ ಬಂದ ನೆಂಟನಲ್ಲ. 1780ರಲ್ಲಿ ಹಿಕಿ ಕಲ್ಕತ್ತೆಯಲ್ಲಿ ಹೊರಡಿಸಿದ ಪತ್ರಿಕೆಯ ಪೂರ್ಣ ಹೆಸರಿನಲ್ಲೇ ‘ಅಡ್ವರ್ಟೈಸರ್’ ಇತ್ತು. 1833ರಲ್ಲಿ ನ್ಯೂಯಾರ್ಕಿನ ‘ಸನ್’, ಉಳಿದವರು ಆರು ಸೆಂಟಿಗೆ ಮಾರುತ್ತಿದ್ದ ಪತ್ರಿಕೆಯನ್ನು ಒಂದೇ ಸೆಂಟಿಗೆ ಕೊಟ್ಟಿತು. ಖೋತಾ ತುಂಬಿದ್ದು ಜಾಹೀರಾತು. ಕನ್ನಡ ಪತ್ರಿಕೆಗಳ ದಾರಿ ಬೇರೆ: ಮೊದಲು ಮಿಷನ್, ಚಳವಳಿ; ಆಮೇಲೆ ಉದ್ಯಮ. 1843ರ ‘ಮಂಗಳೂರ ಸಮಾಚಾರ’ ಬಾಸೆಲ್ ಮಿಷನ್ನಿನ ಮೋಗ್ಲಿಂಗರ ಕೆಲಸ. ‘ಸಂಯುಕ್ತ ಕರ್ನಾಟಕ’ ಸ್ವಾತಂತ್ರ್ಯ ಚಳವಳಿಯಿಂದ ಹುಟ್ಟಿದ್ದು. ಉದ್ಯಮಿ ಕೆ.ಎನ್. ಗುರುಸ್ವಾಮಿ ‘ಪ್ರಜಾವಾಣಿ’ ಆರಂಭಿಸಿದ್ದು 1948ರ ಅಕ್ಟೋಬರ್‌ನಲ್ಲಿ, ರಾಯಚೂರು ನಿಜಾಮರ ಕೈತಪ್ಪಿದ ಮರುತಿಂಗಳು. 1999ರಲ್ಲಿ ಲಾರಿ ಉದ್ಯಮದ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ ತಂದರು. 2006ರಲ್ಲಿ ಅದು ಟೈಮ್ಸ್ ಬಳಗಕ್ಕೆ ಮಾರಾಟವಾಯಿತು. ಪತ್ರಿಕೆಯೇ ಕೊಂಡು ಮಾರುವ ಸ್ವತ್ತಾಗಿತ್ತು.

ಜಾಹೀರಾತನ್ನು ಶಪಿಸುವವರ ಜೊತೆ ನಾನಿಲ್ಲ. ಕಾಗದ, ಮಸಿ, ಸಾಗಣೆಯ ಖರ್ಚನ್ನೆಲ್ಲ ಓದುಗನ ತಲೆಗೆ ಕಟ್ಟಿದರೆ ಹಳ್ಳಿಯ ಹೋಟೆಲಿಗೆ ಪೇಪರ್ ಬರುವುದೇ ಕಷ್ಟ. ಪುಟ, ಬೆಲೆ, ಜಾಹೀರಾತಿನ ಜಾಗಕ್ಕೆ ಸರ್ಕಾರ ಹಾಕಿದ ಕಟ್ಟನ್ನು ಪುಣೆಯ ‘ಸಕಾಳ್’ ಪ್ರಶ್ನಿಸಿದಾಗ, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದ್ದೂ ಇದೇ ತರ್ಕದಿಂದ: ಜಾಹೀರಾತು ತಗ್ಗಿದರೆ ಬೆಲೆ ಏರುತ್ತದೆ, ಪ್ರಸಾರ ಕುಗ್ಗುತ್ತದೆ, ಮಾತಿನ ಸ್ವಾತಂತ್ರ್ಯಕ್ಕೇ ಪೆಟ್ಟು.

ನನ್ನ ಸಂಕಟ ಬೇರೆ. ಬೀಜದ ಕಂಪನಿಯದೋ, ಹುಟ್ಟುಹಬ್ಬದ ಶುಭಾಶಯದ್ದೋ ಚೌಕಟ್ಟು ಕಂಡರೆ ದುಡ್ಡು ಕೊಟ್ಟವರು ಯಾರೆಂದು ಹತ್ತಿ ಬೆಳೆಯುವ ರೈತನಿಗೂ ಗೊತ್ತು. ಅದು ಹೆಸರಿಗೆ ತಕ್ಕ ಜಾಹೀರಾತು. ಆದರೆ 2009ರ ಲೋಕಸಭಾ ಚುನಾವಣೆಯಲ್ಲಿ ಅಭ್ಯರ್ಥಿಗಳ ದುಡ್ಡು ಸುದ್ದಿಯ ವೇಷದಲ್ಲಿ ಅಚ್ಚಾಯಿತೆಂಬ ದೂರುಗಳು ಎದ್ದವು. ಪ್ರೆಸ್ ಕೌನ್ಸಿಲ್ ಉಪಸಮಿತಿ ನೇಮಿಸಿ ವಿಚಾರಿಸಿತು, 2010ರಲ್ಲಿ ವರದಿಯೂ ಬಂತು. ಕಾಸು ಪಡೆದು ಬರೆದದ್ದನ್ನು ಸುದ್ದಿಯಂತೆ ಜೋಡಿಸಿ, ‘ಜಾಹೀರಾತು’ ಎಂಬ ನಾಲ್ಕಕ್ಷರವನ್ನು ಮೂಲೆಯಲ್ಲಿ ಇರುವೆಗಾತ್ರಕ್ಕೆ ಇಳಿಸುವುದು ಓದುಗನಿಗೆ ಮಾಡುವ ಮೋಸ. ಆ ನಾಲ್ಕಕ್ಷರ ತಲೆಬರಹದಷ್ಟೇ ದಪ್ಪಗೆ ಅಚ್ಚಾಗಲಿ.