ಬೀಟಲ್ಸ್: ಬೀದಿಗೂ ಮಾತಿಗೂ ಅಂಟಿಕೊಂಡ ಹೆಸರು

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಪೆನ್ನಿ ಲೇನ್ ನೋಡಲು ತೀರಾ ಸಾಧಾರಣವಾದ ಬಡಾವಣೆಯ ರಸ್ತೆ. 1967ರಲ್ಲಿ ಬೀಟಲ್ಸ್ ತಂಡ ಅದೇ ಹೆಸರಿನ ಹಾಡನ್ನು ಹೊರತಂದ ಮೇಲೆ ಅಲ್ಲಿನ ನಾಮಫಲಕಗಳು ಪದೇ ಪದೇ ಕಳುವಾಗತೊಡಗಿದವು. ಬೇಸತ್ತ ನಗರಾಡಳಿತ ಫಲಕದ ಗೊಡವೆಯೇ ಬೇಡವೆಂದು ರಸ್ತೆಯ ಹೆಸರನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಬೇಕಾಯಿತು.

ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೊ ಸ್ಟಾರ್ ಅವರ ಈ ತಂಡ 1970ರಲ್ಲಿಯೇ ಒಡೆಯಿತು. ಲೆನನ್ 1980ರಲ್ಲಿ ನ್ಯೂಯಾರ್ಕಿನಲ್ಲಿ ಗುಂಡಿಗೆ ಬಲಿಯಾದರು. ಹ್ಯಾರಿಸನ್ 2001ರಲ್ಲಿ ನಿಧನ ಹೊಂದಿದರು. ಆದರೂ ಲೆನನ್ ಹಳೆಯ ಕ್ಯಾಸೆಟ್ಟಿನಲ್ಲಿ ಬಿಟ್ಟುಹೋಗಿದ್ದ ದನಿಯನ್ನು ಬಳಸಿ 2023ರ ನವೆಂಬರಿನಲ್ಲಿ ಬಿಡುಗಡೆಯಾದ ಹಾಡು ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ತಂಡ ಅದಕ್ಕೂ ಹಿಂದೆ ಆ ಸ್ಥಾನದಲ್ಲಿದ್ದದ್ದು 1969ರಲ್ಲಿ.

ತಂಡದ ಹೆಸರೇ ಒಂದು ಶ್ಲೇಷೆ. ಜೀರುಂಡೆ ಎಂಬ ಅರ್ಥದ ಇಂಗ್ಲಿಷ್ ಪದದ ಒಂದು ಅಕ್ಷರವನ್ನು ಬದಲಿಸಿ, ಸಂಗೀತದ ತಾಳವನ್ನು ಸೂಚಿಸುವ 'ಬೀಟ್' ಶಬ್ದವನ್ನು ಅದರೊಳಗೆ ಅಡಗಿಸಲಾಗಿದೆ. ಅಭಿಮಾನಿಗಳ ಹುಚ್ಚನ್ನು ಬಣ್ಣಿಸಲು 1963ರಲ್ಲಿ ಪತ್ರಿಕೆಗಳು ಬಳಕೆಗೆ ತಂದ 'ಬೀಟಲ್‌ಮೇನಿಯಾ' ಪದ ಇಂದು ನಿಘಂಟಿನಲ್ಲಿದೆ. 'ಕೊಳಕು, ಕೀಳು ದರ್ಜೆಯ' ಎಂಬ ಅರ್ಥದ 'ಗ್ರಾಟಿ' ಎಂಬ ಮಾತು ಬ್ರಿಟನ್ನಿನ ಉದ್ದಗಲಕ್ಕೂ ಹರಡಿದ್ದು 1964ರ 'ಎ ಹಾರ್ಡ್ ಡೇಸ್ ನೈಟ್' ಚಿತ್ರದಲ್ಲಿ ಹ್ಯಾರಿಸನ್ ಅದನ್ನು ಆಡಿದ ಬಳಿಕ. ಆ ಚಿತ್ರದ ಶೀರ್ಷಿಕೆಯೂ ರಿಂಗೊ ಅವರ ಬಾಯಿತಪ್ಪಿದ ಮಾತಿನಿಂದ ಹುಟ್ಟಿದ್ದು ಎಂಬುದು ಪ್ರಸಿದ್ಧ.

ಮಾತಿನ ಮೇಲಿನ ಪ್ರಭಾವ ಯಾವಾಗಲೂ ಹಿತಕರವಾಗಿಯೇ ಇರಲಿಲ್ಲ. 'ಹೆಲ್ಟರ್ ಸ್ಕೆಲ್ಟರ್' ಎಂದರೆ ಬ್ರಿಟಿಷ್ ಜಾತ್ರೆಗಳಲ್ಲಿ ಮಕ್ಕಳು ಜಾರುವ ಸುರುಳಿಯಾಕಾರದ ಗೋಪುರ. ಆ ಹೆಸರಿನ ಹಾಡಿಗೆ ಚಾರ್ಲ್ಸ್ ಮ್ಯಾನ್ಸನ್ ತನ್ನದೇ ವಿಕೃತ ಅರ್ಥ ಹಚ್ಚಿದ. 1969ರಲ್ಲಿ ಅವನ ಹಿಂಬಾಲಕರು ನಡೆಸಿದ ಕೊಲೆಗಳ ನಂತರ ಅಮೆರಿಕದಲ್ಲಿ ಆ ಪದ ಕೇಳಿದರೆ ಜಾತ್ರೆ ನೆನಪಾಗುವವರು ವಿರಳ.

ಇಥಿಯೋಪಿಯಾದ ಹಾದರ್ ಎಂಬಲ್ಲಿ 1974ರಲ್ಲಿ ಸುಮಾರು 32 ಲಕ್ಷ ವರ್ಷಗಳಷ್ಟು ಹಳೆಯ, ಮಾನವ ಪೂರ್ವಜ ಜೀವಿಯ ಅಸ್ಥಿಪಂಜರದ ಭಾಗಗಳು ದೊರೆತವು. ಆ ರಾತ್ರಿ ಸಂಶೋಧಕರ ಶಿಬಿರದಲ್ಲಿ ಟೇಪ್ ರೆಕಾರ್ಡರ್ ಬೀಟಲ್ಸ್ ಹಾಡೊಂದನ್ನು ಮತ್ತೆ ಮತ್ತೆ ನುಡಿಸುತ್ತಿತ್ತು. ಹಾಡಿನಲ್ಲಿ ಬರುವ 'ಲೂಸಿ' ಎಂಬ ಹೆಸರೇ ಆ ಅವಶೇಷಕ್ಕೂ ನಿಂತಿತು. ಶಾಲೆಯ ಮಕ್ಕಳಿಗೆ ವೈಜ್ಞಾನಿಕ ನಾಮ ನೆನಪಿರದಿದ್ದರೂ ಲೂಸಿ ನೆನಪಿರುತ್ತಾಳೆ. ಆಕಾಶದಲ್ಲಿಯೂ 4147ರಿಂದ 4150ರವರೆಗಿನ ಸಂಖ್ಯೆಯ ನಾಲ್ಕು ಕ್ಷುದ್ರಗ್ರಹಗಳಿಗೆ ಈ ನಾಲ್ವರ ಹೆಸರುಗಳಿವೆ.

ಲಂಡನ್ನಿನ ಅಬ್ಬೆ ರೋಡ್‌ನಲ್ಲಿ 1969ರ ಆಗಸ್ಟ್ 8ರಂದು ನಾಲ್ವರೂ ಸಾಲಾಗಿ ಜೀಬ್ರಾ ಪಟ್ಟಿಯನ್ನು ದಾಟಿದರು. ಛಾಯಾಗ್ರಾಹಕ ಇಯಾನ್ ಮ್ಯಾಕ್‌ಮಿಲನ್ ಏಣಿ ಏರಿ ಆರು ಚಿತ್ರ ತೆಗೆದರು; ಎಲ್ಲವೂ ಮುಗಿದದ್ದು ಹತ್ತೇ ನಿಮಿಷಗಳಲ್ಲಿ. ಅದೇ ಭಂಗಿಗಾಗಿ ಪ್ರವಾಸಿಗರು ರಸ್ತೆಯ ನಡುವೆ ನಿಲ್ಲುತ್ತಾರೆ, ವಾಹನ ಚಾಲಕರು ಹಾರ್ನ್ ಬಾರಿಸುತ್ತಾರೆ. 2010ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರಕಾರ ಈ ಪಟ್ಟಿಗೆ ಸಂರಕ್ಷಿತ ಸ್ಮಾರಕದ ಸ್ಥಾನ ನೀಡಿತು. ಕಲ್ಲಿನ ಕೋಟೆಗೆ ದೊರೆಯುವ ಗೌರವ ಡಾಂಬರಿನ ಮೇಲಿನ ಬಿಳಿ ಬಣ್ಣಕ್ಕೂ ದೊರೆತಂತಾಯಿತು.

ಆದರೆ ತವರೂರಾದ ಲಿವರ್‌ಪೂಲ್ ಮೊದಲಿನಿಂದಲೂ ಇಷ್ಟೊಂದು ಅಕ್ಕರೆ ತೋರಿತ್ತೆಂದು ಭಾವಿಸುವಂತಿಲ್ಲ. 1961ರಿಂದ 1963ರವರೆಗೆ ತಂಡ ಮುನ್ನೂರರ ಸಮೀಪದಷ್ಟು ಬಾರಿ ಹಾಡಿದ್ದ ನೆಲಮಾಳಿಗೆಯ ಕ್ಯಾವರ್ನ್ ಕ್ಲಬ್ 1973ರಲ್ಲಿ ಮುಚ್ಚಿತು. ಬಳಿಕ ಕಟ್ಟಡವನ್ನೇ ಕೆಡವಲಾಯಿತು. ಕಾರಣ, ಸುರಂಗ ರೈಲಿಗೆ ಗಾಳಿ ಹಾಯಿಸುವ ಕೊಳವೆ. ಆ ಕೊಳವೆ ಕೊನೆಗೂ ನಿರ್ಮಾಣವಾಗಲೇ ಇಲ್ಲ! 1984ರಲ್ಲಿ ಹಳೆಯ ಇಟ್ಟಿಗೆಗಳನ್ನೇ ಬಳಸಿ ಕ್ಲಬ್ಬನ್ನು ಮತ್ತೆ ಕಟ್ಟಲಾಯಿತು. ಇಂದು ಅಲ್ಲಿ ಫೋಟೋ ತೆಗೆಸಿಕೊಳ್ಳುವ ಅನೇಕರಿಗೆ ಈ ಕಥೆ ತಿಳಿದಿರುವುದಿಲ್ಲ.

ಬಂದರಿನ ವ್ಯಾಪಾರ ಕುಸಿದು, ನಿರುದ್ಯೋಗದಿಂದ ನಗರ ಕಂಗೆಟ್ಟ ನಂತರವೇ ಬೀಟಲ್ಸ್ ನೆನಪು ಒಂದು ಆದಾಯದ ಮೂಲವೆಂಬ ಅರಿವು ಬೆಳೆಯಿತು. ಮೆಕಾರ್ಟ್ನಿ ಮತ್ತು ಲೆನನ್ ಬೆಳೆದ ಮನೆಗಳು ನ್ಯಾಷನಲ್ ಟ್ರಸ್ಟ್ ಸುಪರ್ದಿಗೆ ಬಂದವು. ವಿಮಾನ ನಿಲ್ದಾಣಕ್ಕೆ 2001ರಲ್ಲಿ ಲೆನನ್ ಹೆಸರನ್ನು ಇಡಲಾಯಿತು.

ರಿಂಗೊ ಹುಟ್ಟಿದ ಮ್ಯಾಡ್ರಿನ್ ಬೀದಿಯ ವಿಚಾರ ಮಾತ್ರ ಅಷ್ಟು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಕಾರ್ಮಿಕ ಕುಟುಂಬಗಳ ಸಾಲು ಮನೆಗಳಿದ್ದ ಆ ಭಾಗದಲ್ಲಿ ನೂರಾರು ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆ ರೂಪುಗೊಂಡಿತ್ತು. ಅಭಿಮಾನಿಗಳೂ ಪರಂಪರೆಯ ಪ್ರೇಮಿಗಳೂ ವಿರೋಧಿಸಿದರು. ಆದರೆ ಒದ್ದೆ ಗೋಡೆಗಳ ನಡುವೆ ಬದುಕಿ ಸಾಕಾಗಿ, ಹೊಸ ಮನೆ ಬೇಕೆಂದವರೂ ಅಲ್ಲಿದ್ದರು. ಹೊರಗಿನಿಂದ ಬಂದು ಗೋಡೆಯ ಮೇಲೆ ಹೆಸರು ಗೀಚಿ ಹೋಗುವವರಿಗಿಂತ ಅವರ ಮಾತಿಗೇ ತೂಕ ಹೆಚ್ಚಿರಬೇಕಿತ್ತು ಎಂಬುದು ಅಲ್ಲಗಳೆಯಲಾಗದ ವಾದ. 2015ರಲ್ಲಿ ಕೇಂದ್ರ ಸರಕಾರ ಕೆಡಹುವ ಯೋಜನೆಯನ್ನು ತಿರಸ್ಕರಿಸಿತು. ಬಳಿಕ ಹಳೆಯ ಮನೆಗಳನ್ನೇ ದುರಸ್ತಿ ಮಾಡಿ ಬಾಡಿಗೆಗೆ ನೀಡಲಾಯಿತು.

ಪೆನ್ನಿ ಲೇನ್ ಫಲಕಗಳು 2020ರ ಜೂನ್‌ನಲ್ಲಿ ಮತ್ತೆ ಸುದ್ದಿಯಾದವು. ಈ ಬಾರಿ ಕಳವಲ್ಲ, ಮಸಿ. ಹದಿನೆಂಟನೆಯ ಶತಮಾನದ ಗುಲಾಮರ ವ್ಯಾಪಾರಿ ಜೇಮ್ಸ್ ಪೆನ್ನಿಯ ಹೆಸರೇ ರಸ್ತೆಗಿದೆ ಎಂಬ ಆರೋಪವಿತ್ತು. ಅದಕ್ಕೆ ಆಧಾರ ದೊರೆತಿಲ್ಲವೆಂದು ನಗರದ ಅಂತಾರಾಷ್ಟ್ರೀಯ ಗುಲಾಮಗಿರಿ ವಸ್ತುಸಂಗ್ರಹಾಲಯ ಆಗ ಸ್ಪಷ್ಟಪಡಿಸಿತು. ಲಿವರ್‌ಪೂಲಿನ ಸಂಪತ್ತಿನಲ್ಲಿ ಗುಲಾಮರ ವ್ಯಾಪಾರದ ಪಾಲು ದೊಡ್ಡದೆಂಬುದರಲ್ಲಿ ಮಾತ್ರ ಯಾರಿಗೂ ಸಂದೇಹವಿಲ್ಲ.

ನಮ್ಮ ದೇಶದಲ್ಲಿಯೂ ಒಂದು ಹೆಸರು ಹೀಗೆ ಬದಲಾಗಿದೆ. 1968ರ ಫೆಬ್ರವರಿಯಲ್ಲಿ ನಾಲ್ವರೂ ಧ್ಯಾನ ಕಲಿಯಲು ಋಷಿಕೇಶದ ಮಹರ್ಷಿ ಮಹೇಶ ಯೋಗಿಯವರ ಆಶ್ರಮಕ್ಕೆ ಬಂದಿದ್ದರು. ರಿಂಗೊ ಹತ್ತು ದಿನಗಳಲ್ಲಿಯೇ ಮರಳಿದರು. ಉಳಿದವರು ಅಲ್ಲಿ ರಚಿಸಿದ ಹಲವು ಹಾಡುಗಳು ಅದೇ ವರ್ಷದ ಧ್ವನಿಮುದ್ರಿಕೆಯಲ್ಲಿ ಸೇರಿದವು. ಮುಂದೆ ಆಶ್ರಮ ಪಾಳುಬಿದ್ದು ಕಾಡು ಬೆಳೆಯಿತು. ರಾಜಾಜಿ ಹುಲಿ ಮೀಸಲು ಪ್ರದೇಶದೊಳಗಿರುವ ಆ ಜಾಗವನ್ನು ಅರಣ್ಯ ಇಲಾಖೆ 2015ರಲ್ಲಿ ಪ್ರವಾಸಿಗರಿಗೆ ತೆರೆಯಿತು. ಅದಕ್ಕೆ ಚೌರಾಸಿ ಕುಟಿಯಾ ಎಂಬ ಹೆಸರಿದ್ದರೂ, ದಾರಿ ಕೇಳುವವರು ಕೇಳುವುದು 'ಬೀಟಲ್ಸ್ ಆಶ್ರಮ' ಎಂದೇ.