ಸಕ್ಕರೆ ಇಳಿದರೆ ಸಂತೋಷವೇ?



ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ 'ಸಕ್ಕರೆ ಬ್ಯಾನಿ' ಎಂಬ ಮಾತು ಕೇಳದ ಮನೆ ಇಂದು ವಿರಳ. ನಿಮ್ಮ ಮನೆಯಲ್ಲಿಯೂ ಯಾರಾದರೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರಬಹುದು. ಅಂಥವರ ರಕ್ತದ ಸಕ್ಕರೆ ಪದೇ ಪದೇ ಕುಸಿಯತೊಡಗಿತು, ಇನ್ಸುಲಿನ್ ಪ್ರಮಾಣವನ್ನು ಇಳಿಸುತ್ತಲೇ ಹೋಗಬೇಕಾಯಿತು ಎಂದು ಭಾವಿಸಿ. ರೋಗ ವಾಸಿಯಾಗುತ್ತಿದೆ ಎಂದು ಮನೆಯವರು ಹಿಗ್ಗುತ್ತಾರೆ. ಆದರೆ ಕೆಲವೊಮ್ಮೆ ಅದು ಇನ್ನೊಂದು ರೋಗ ಬಂದಿರುವುದರ ಸೂಚನೆ. ಇದನ್ನು ಅರಿಯಲು ವೈದ್ಯಲೋಕಕ್ಕೆ ಸುಮಾರು ಒಂದು ಶತಮಾನ ಹಿಡಿಯಿತು. ಆ ಇತಿಹಾಸವನ್ನು ಈಗ ನೋಡೋಣ.

ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳೇ ಅಡ್ರಿನಲ್ ಗ್ರಂಥಿಗಳು. ಇವುಗಳ ಇರವು 16ನೆಯ ಶತಮಾನದಲ್ಲಿಯೇ ತಿಳಿದಿತ್ತು. ಕೆಲಸ ಮಾತ್ರ ತಿಳಿದಿರಲಿಲ್ಲ. ಮುಂಡರಗಿ ಭೀಮರಾಯರು ಬ್ರಿಟಿಷರೊಡನೆ ಹೋರಾಡಿ ಮಡಿದದ್ದು 1858ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1855ರಲ್ಲಿ, ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ 11 ರೋಗಿಗಳ ವಿವರವನ್ನು ಪ್ರಕಟಿಸಿದರು. ನಿಶ್ಶಕ್ತಿ, ದುರ್ಬಲ ನಾಡಿ, ವಾಂತಿ, ಕಪ್ಪಾಗುತ್ತ ಹೋಗುವ ಚರ್ಮ ಇವು ಲಕ್ಷಣಗಳು. ಶವಪರೀಕ್ಷೆಯಲ್ಲಿ ಅಡ್ರಿನಲ್ ಗ್ರಂಥಿಗಳು ಹಾಳಾಗಿದ್ದವು. ಹಲವರಲ್ಲಿ ಅದಕ್ಕೆ ಕ್ಷಯವೇ ಕಾರಣ. ಮರುವರ್ಷ ಬ್ರೌನ್-ಸೆಕಾರ್ ಎಂಬ ವಿಜ್ಞಾನಿ ಪ್ರಾಣಿಗಳಿಂದ ಈ ಗ್ರಂಥಿಗಳನ್ನು ತೆಗೆದಾಗ ಅವು ಬದುಕಲಿಲ್ಲ. 1866ರಲ್ಲಿ ಓಗಲ್ ಎಂಬ ವೈದ್ಯರು ಸಕ್ಕರೆ ರೋಗ ಮತ್ತು ಅಡಿಸನ್ ರೋಗ ಒಬ್ಬರಲ್ಲೇ ಕೂಡಿಬಂದುದನ್ನು ವರದಿ ಮಾಡಿದರು.

ಆಗ ಸಕ್ಕರೆ ರೋಗಕ್ಕೇ ಮದ್ದಿರಲಿಲ್ಲ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ನಡೆಸುತ್ತಿದ್ದ, ಜನ 'ಜರ್ಮನ್ ಆಸ್ಪತ್ರೆ' ಎಂದು ಕರೆದ ಆಸ್ಪತ್ರೆಯಾಗಲಿ, ಯೂರೋಪಿನ ದೊಡ್ಡ ಆಸ್ಪತ್ರೆಗಳಾಗಲಿ, ಪಥ್ಯದ ಹೊರತು ಹೆಚ್ಚೇನೂ ಕೊಡುವಂತಿರಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ ಒಬ್ಬ ಬಾಲಕನಿಗೆ ಇನ್ಸುಲಿನ್ ಕೊಟ್ಟಾಗ ಯುಗ ಬದಲಾಯಿತು.

ಮುಂದಿನ ಹೆಜ್ಜೆ ಅಮೆರಿಕದ್ದು. 1936ರಲ್ಲಿ ಲಾಂಗ್ ಮತ್ತು ಲ್ಯೂಕೆನ್ಸ್ ಎಂಬ ವಿಜ್ಞಾನಿಗಳು ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯನ್ನು ಬೆಕ್ಕುಗಳಿಂದ ತೆಗೆದು ಸಕ್ಕರೆ ರೋಗ ಬರಿಸಿದರು. ಅಡ್ರಿನಲ್ ಗ್ರಂಥಿಗಳನ್ನೂ ತೆಗೆದ ಬೆಕ್ಕುಗಳಲ್ಲಿ ಆ ರೋಗ ಬಹಳ ಸೌಮ್ಯವಾಯಿತು!

ಏಕೆ? ಗದುಗಿನ ಪೇಟೆಯ ತಕ್ಕಡಿಯನ್ನು ನೆನೆಯಿರಿ. ಒಂದು ತಟ್ಟೆಯಲ್ಲಿ ಸಕ್ಕರೆ ಇಳಿಸುವ ಇನ್ಸುಲಿನ್. ಇನ್ನೊಂದರಲ್ಲಿ ಯಕೃತ್ತಿನಿಂದ ಸಕ್ಕರೆ ತಯಾರಿಸಿ ಅದನ್ನು ಏರಿಸುವ ಅಡ್ರಿನಲ್ ಹಾರ್ಮೋನ್ ಕಾರ್ಟಿಸೋಲ್. ಬೆಕ್ಕುಗಳಲ್ಲಿ ಎರಡೂ ತಟ್ಟೆ ಬರಿದಾಗಿದ್ದರಿಂದ ಮುಳ್ಳು ಹೆಚ್ಚುಕಡಿಮೆ ನೇರ ನಿಂತಿತು. ಅದು ಆರೋಗ್ಯವಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವ ಮನುಷ್ಯನಲ್ಲಿ ಒಂದು ತಟ್ಟೆಯ ತೂಕ ಹಾಗೆಯೇ ಇರುತ್ತದೆ. ಕಾರ್ಟಿಸೋಲ್ ಹೋದರೆ ತಕ್ಕಡಿ ವಾಲಿ ಸಕ್ಕರೆ ಅಪಾಯಕರವಾಗಿ ಇಳಿಯುತ್ತದೆ.

1950ರಲ್ಲಿ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಅವರಿಗೆ ಅಡ್ರಿನಲ್ ಹಾರ್ಮೋನುಗಳ ಸಂಶೋಧನೆಗಾಗಿ ನೊಬೆಲ್ ಪಾರಿತೋಷಕ ಬಂದಿತು. ಈ ಹಾರ್ಮೋನುಗಳು ಔಷಧವಾಗಿ ದೊರೆತ ಮೇಲೆ ಅಡಿಸನ್ ರೋಗಿಗಳು ಬದುಕತೊಡಗಿದರು. 1964ರಲ್ಲಿ ಕಾರ್ಪೆಂಟರ್ ಮತ್ತು ಸಂಗಡಿಗರು ಅಡ್ರಿನಲ್ ಹಾಗೂ ಥೈರಾಯ್ಡ್ ಎರಡೂ ಕೆಟ್ಟ 15 ರೋಗಿಗಳನ್ನು ವರದಿ ಮಾಡಿದರು. ಅವರಲ್ಲಿ 10 ಜನರಿಗೆ ಸಕ್ಕರೆ ರೋಗವೂ ಇತ್ತು. ದೇಹದ ರಕ್ಷಣಾ ಪಡೆ ತನ್ನದೇ ಗ್ರಂಥಿಗಳ ಮೇಲೆ ತಿರುಗಿ ಬೀಳುವುದು ಇದರ ಮೂಲ. ಚಿಕ್ಕ ವಯಸ್ಸಿನಲ್ಲಿಯೇ ಬರುವ ಮೊದಲ ಬಗೆಯ ಸಕ್ಕರೆ ರೋಗಕ್ಕೂ ಸಾಮಾನ್ಯವಾಗಿ ಇದೇ ಕಾರಣ.

ನಮ್ಮ ದೇಶದಲ್ಲಿ ಅಡಿಸನ್ ಕಂಡ ಆ ಹಳೆಯ ಕಾರಣವೂ, ಅಂದರೆ ಕ್ಷಯವೂ, ಇನ್ನೂ ಅಳಿದಿಲ್ಲ. ಸಕ್ಕರೆ ರೋಗಿಗಳಿಗೆ ಕ್ಷಯ ತಗಲುವ ಸಂಭವ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಇನ್ನೊಂದು ಕಾರಣ ನಾವೇ ತಂದುಕೊಳ್ಳುವಂಥದು. ಮಂಡಿನೋವಿಗೋ ಉಬ್ಬಸಕ್ಕೋ ಸ್ಟಿರಾಯ್ಡ್ ಗುಳಿಗೆಯನ್ನು ಬಹುಕಾಲ ನುಂಗಿದರೆ ಅಡ್ರಿನಲ್ ಗ್ರಂಥಿ ಕೆಲಸ ಮರೆತು ಮಲಗುತ್ತದೆ. ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು.

ಈ ರೋಗ ಅಪರೂಪ ನಿಜ. ಆದರೆ ಎರೆಹೊಲದಲ್ಲಿ ದುಡಿದು ಬಂದವರು ಕಪ್ಪಾದರೆ ನಾವು ಬಿಸಿಲನ್ನು ದೂರುತ್ತೇವೆ. ಬಿಸಿಲು ಬೀಳದ ಒಸಡು, ಅಂಗೈಯ ಗೆರೆಗಳು ಕಪ್ಪಾಗಿವೆಯೇ ನೋಡಿ. ತೂಕ ಇಳಿಯುವುದು, ಎದ್ದು ನಿಂತರೆ ತಲೆ ಸುತ್ತುವುದು, ಉಪ್ಪಿನ ಮೇಲೆ ಅತಿಯಾದ ಆಸೆ, ಇವುಗಳೊಡನೆ ಸಕ್ಕರೆಯೂ ಕುಸಿಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಇನ್ಸುಲಿನ್ನನ್ನು ನೀವೇ ನಿಲ್ಲಿಸಬೇಡಿ. ಬೆಳಗಿನ ಹೊತ್ತಿನ ರಕ್ತದಲ್ಲಿ ಕಾರ್ಟಿಸೋಲ್ ಅಳೆಯುವುದರಿಂದ ಪರೀಕ್ಷೆ ಆರಂಭವಾಗುತ್ತದೆ. ಚಿಕಿತ್ಸೆ ಗುಳಿಗೆಗಳಿಂದಲೇ ಸಾಧ್ಯ. ಗದಗದಲ್ಲಿಯೇ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ.

1855ರಲ್ಲಿ ಅಡಿಸನ್ ತಮ್ಮ ರೋಗಿಗಳನ್ನು ಗಮನಿಸಬಲ್ಲವರಾಗಿದ್ದರು, ಉಳಿಸಬಲ್ಲವರಾಗಿರಲಿಲ್ಲ. ಇಂದು ಗಮನಿಸಿದರೆ ಉಳಿಸಬಹುದು. ಆ ಗಮನ ನಿಮ್ಮ ಮನೆಯಲ್ಲಿ ನಿಮ್ಮಿಂದಲೇ ಆರಂಭವಾಗಲಿ.